ಫಿಜಿಯೋಥೆರಪಿ: ಯಾವಾಗ ಹೋಗಬೇಕು, ಮೊದಲ ದಿನ ಏನಾಗುತ್ತದೆ, ಮನೆಯಲ್ಲಿ ಏನು ಮಾಡಬೇಕು

ಮಂಡಿನೋವಿಗೋ ಸೊಂಟನೋವಿಗೋ ಡಾಕ್ಟರ ಹತ್ತಿರ ಹೋದರೆ, ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಕೊನೆಯ ಸಾಲಾಗಿ ‘ಫಿಜಿಯೋಥೆರಪಿ’ ಎಂದು ಬರೆದುಕೊಡುತ್ತಾರೆ. ಮಾತ್ರೆ ನುಂಗಿ ಆ ಸಾಲನ್ನು ಅಲ್ಲಿಗೇ ಬಿಟ್ಟುಬಿಡುವವರು ಬಹಳ ಮಂದಿ. ಹೋದವರಲ್ಲೂ ಹಲವರು ಹತ್ತು ದಿನ ಕರೆಂಟು ಕೊಡಿಸಿಕೊಂಡು, ನೋವು ತಗ್ಗಿದ ಕೂಡಲೇ ನಿಲ್ಲಿಸಿ, ಎರಡು ತಿಂಗಳಲ್ಲಿ ಮತ್ತೆ ಅದೇ ನೋವು ಹೊತ್ತು ಬರುತ್ತಾರೆ. ಫಿಜಿಯೋಥೆರಪಿ ಎಂದರೆ ಮಷೀನು ಇಲ್ಲವೇ ಮಸಾಜು ಎಂದುಕೊಂಡಿರುವುದೇ ಇದಕ್ಕೆಲ್ಲ ಮೂಲ. ಅದರ ತಿರುಳು ವ್ಯಾಯಾಮ. ಅದೂ ಎಲ್ಲರಿಗೂ ಒಂದೇ ಅಲ್ಲ. ಯಾರಿಗೆ ಯಾವುದು, ಎಷ್ಟು ಸಲ, ಎಷ್ಟು ಭಾರದಲ್ಲಿ ಎಂದು ಔಷಧಿಯ ಡೋಸಿನಂತೆ ಅಳೆದು ಕೊಡುವ ವ್ಯಾಯಾಮ.

ಫಿಜಿಯೋಥೆರಪಿಸ್ಟ್ ಯಾರು?

ಬಿಪಿಟಿ (ಬ್ಯಾಚುಲರ್ ಆಫ್ ಫಿಜಿಯೋಥೆರಪಿ) ಪದವಿ ಇವರ ಮೂಲ ಅರ್ಹತೆ. ಇವತ್ತು ವೃತ್ತಿಯಲ್ಲಿರುವ ಹೆಚ್ಚಿನವರು ನಾಲ್ಕು ವರ್ಷ ಓದಿ, ಆರು ತಿಂಗಳು ಇಂಟರ್ನ್‌ಶಿಪ್ ಮುಗಿಸಿದವರು. ಅದರ ಮೇಲೆ ಎರಡು ವರ್ಷದ ಎಂಪಿಟಿ (ಸ್ನಾತಕೋತ್ತರ ಪದವಿ) ಮಾಡಿದವರು ಮೂಳೆ-ಕೀಲು, ನರ, ಹೃದಯ-ಶ್ವಾಸಕೋಶ, ಮಕ್ಕಳು, ಕ್ರೀಡೆ ಹೀಗೆ ಒಂದು ವಿಭಾಗದಲ್ಲಿ ಪಳಗಿರುತ್ತಾರೆ. ಮೂಳೆ ಕಟ್ಟುವ ನಾಟಿ ವೈದ್ಯರು, ಎಣ್ಣೆ ತಿಕ್ಕುವವರು, ಜಿಮ್ ಟ್ರೈನರ್‌ಗಳು ಬೇರೆ, ಇವರು ಬೇರೆ. ವೃತ್ತಿಯನ್ನು ಕಾನೂನಿನ ಚೌಕಟ್ಟಿಗೆ ತರಲು 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ತಂದಿದೆ. ಕ್ಲಿನಿಕ್ಕಿನ ಬೋರ್ಡಿನಲ್ಲಿ ಹೆಸರಿನ ಮುಂದೆ ಬಿಪಿಟಿ ಅಥವಾ ಎಂಪಿಟಿ ಇದೆಯೇ ನೋಡಿ. ಇಲ್ಲದಿದ್ದರೆ ಎಲ್ಲಿ ಓದಿದ್ದೀರಿ ಎಂದು ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಇವರ ಕೆಲಸ ನೋವು ಕಳೆಯುವುದಷ್ಟೇ ಅಲ್ಲ. ಐಸಿಯುನಲ್ಲಿ ಮಲಗಿದವರ ಎದೆಯಲ್ಲಿ ಕಟ್ಟಿದ ಕಫ ಹೊರತರಿಸುವುದು, ಲಕ್ವ ಹೊಡೆದವರನ್ನು ಮತ್ತೆ ನಡೆಸುವುದು, ಕತ್ತು ನಿಲ್ಲದ ಮಗುವಿಗೆ ಕೂರಲು ಕಲಿಸುವುದು, ಆಪರೇಷನ್ ಆದ ಕೀಲನ್ನು ಬಗ್ಗಿಸುವುದು, ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆ ಇರುವವರು ಬೀಳದಂತೆ ಹೆಜ್ಜೆ ತಿದ್ದುವುದು ಎಲ್ಲವೂ ಇದರಲ್ಲಿ ಸೇರಿದೆ. ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವುದನ್ನು ನಮ್ಮ ಹೆಂಗಸರು ವರ್ಷಗಟ್ಟಲೆ ಯಾರಿಗೂ ಹೇಳದೆ ಸಹಿಸುತ್ತಾರೆ. ಅದಕ್ಕೂ ಮೊದಲ ಚಿಕಿತ್ಸೆ ಇಲ್ಲೇ ಇದೆ: ಸರಿಯಾಗಿ ಕಲಿತು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಕನಿಷ್ಠ 8 ಸಲ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ, ಕನಿಷ್ಠ 3 ತಿಂಗಳು.

ಮೊದಲು ಡಾಕ್ಟರ ಬಳಿಗೆ ಹೋಗಬೇಕಾದ ಲಕ್ಷಣಗಳು

ಕೆಳಗಿನವು ಕಂಡರೆ ಫಿಜಿಯೋ ಬಳಿ ಹೋಗಿ ಸಮಯ ಕಳೆಯಬೇಡಿ.

ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿದರೆ, ಮೂತ್ರ-ಮಲ ಹಿಡಿತ ತಪ್ಪಿದರೆ, ಎರಡೂ ಕಾಲು ಸೋತರೆ, ಅಥವಾ ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶವೇ ತಿಳಿಯದಂತೆ ಮರಗಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೊನೆಯ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಆಪರೇಷನ್ ತಡವಾದಷ್ಟೂ ಮೂತ್ರದ ಹಿಡಿತ ಮರಳಿ ಬರುವ ಸಾಧ್ಯತೆ ಕುಗ್ಗುತ್ತದೆ.

ಬೆನ್ನುನೋವಿನ ಜೊತೆ ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಬೆನ್ನೆಲುಬಿನ ಕ್ಷಯವೂ ಆಗಿರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಶುರುವಾದರೂ ಮೊದಲು ಪರೀಕ್ಷೆ, ಆಮೇಲೆ ವ್ಯಾಯಾಮ.

ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್ ಆದ ಮೇಲೆ ಅಥವಾ ಬಹಳ ದಿನ ಮಲಗಿದ್ದ ಮೇಲೆ, ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಯಾರಿಂದಲೂ ತಿಕ್ಕಿಸಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಎಡಭುಜದ ನೋವಿನೊಂದಿಗೆ ಬೆವರು, ಎದೆ ಬಿಗಿತ, ಉಸಿರುಕಟ್ಟು ಇದ್ದರೆ ‘ಗ್ಯಾಸ್ ಹಿಡಿದಿದೆ’ ಎಂದು ಕಾಯದೆ ಇಸಿಜಿ ಮಾಡಿಸಿ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ.

ಹಿಮ್ಮಡಿಗಂಟು ಉಳುಕಿದವರಿಗೆ ಒಂದು ಸರಳ ಪರೀಕ್ಷೆ ಇದೆ. ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಹಿಮ್ಮಡಿಗಂಟಿನ ಮೂಳೆಯ ಹಿಂಬದಿಯ ಅಂಚನ್ನು ಬೆರಳಿನಿಂದ ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಎರಡೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಫಿಜಿಯೋ ಬಳಿಗೆ ಯಾವಾಗ?

ನೋವು ಎರಡು ವಾರ ದಾಟಿದರೂ ತಗ್ಗದಿದ್ದರೆ ಹೋಗಿ. ಕೈ ಹಿಂದಕ್ಕೆ ಹೋಗದೆ ಬ್ಲೌಸಿನ ಹುಕ್ ಹಾಕಲಾಗದಿದ್ದರೆ, ತಲೆ ಬಾಚಲು ಕೈ ಏಳದಿದ್ದರೆ ಇನ್ನೂ ಬೇಗ ಹೋಗಿ. ಮೆಟ್ಟಿಲು ಇಳಿಯುವಾಗ ಮಂಡಿ ಕುಸಿದಂತಾಗುವುದು, ಸೊಂಟದಿಂದ ಕಾಲಿಗೆ ಚಳುಕು ಇಳಿಯುವುದು, ಒಂದು ವರ್ಷದಲ್ಲಿ ಎರಡು ಸಲ ಬಿದ್ದಿರುವುದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಕೀಲು ಬಿಗಿದಿರುವುದು ಇವೆಲ್ಲವೂ ಕಾರಣಗಳೇ. ಮಂಡಿ ಬದಲಾವಣೆಯ ಆಪರೇಷನ್ ನಿಗದಿಯಾಗಿದ್ದರೆ ಆಪರೇಷನ್‌ಗೂ ಮೊದಲೇ ಹೋಗಿ. ಬಲ ಬಂದ ತೊಡೆಯೊಂದಿಗೆ ಥಿಯೇಟರ್ ಒಳಗೆ ಹೋದರೆ ಆಮೇಲಿನ ವಾರಗಳು ಹಗುರಾಗುತ್ತವೆ.

ವಯಸ್ಸಾದವರಿಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿಯುವ ಮೊದಲು ಹೋಗುವುದೇ ಸರಿಯಾದ ಹೊತ್ತು.

ಮೊದಲ ಭೇಟಿ

ಎಕ್ಸ್‌ರೇ, ಎಂಆರ್‌ಐ, ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಕೊಂಡುಹೋಗಿ. ಬಿಪಿ, ಶುಗರ್, ಪೇಸ್‌ಮೇಕರ್, ದೇಹದೊಳಗಿನ ರಾಡು-ಪ್ಲೇಟು, ಗರ್ಭಿಣಿಯಾಗಿರುವುದು ಇವನ್ನು ಕೇಳುವ ಮೊದಲೇ ಹೇಳಿ. ಮಂಡಿಗಾದರೆ ಮೇಲಕ್ಕೆ ಮಡಚಬಹುದಾದ ಸಡಿಲ ಪ್ಯಾಂಟ್, ಭುಜಕ್ಕಾದರೆ ಸಡಿಲ ತೋಳಿನ ಅಂಗಿ ಹಾಕಿಕೊಳ್ಳಿ.

ಒಳ್ಳೆಯ ಫಿಜಿಯೋ ಮೊದಲ ದಿನ ಅರ್ಧ ಗಂಟೆಗೂ ಹೆಚ್ಚು ಹೊತ್ತು ಪರೀಕ್ಷೆಗೇ ಕೊಡುತ್ತಾರೆ. ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹರಿಯುತ್ತದೆ, ಬೆಳಿಗ್ಗೆ ಹೆಚ್ಚೋ ಸಂಜೆಯೋ, ಕೂತರೆ ಹೆಚ್ಚೋ ನಡೆದರೆ ಹೆಚ್ಚೋ ಎಂದು ಕೇಳುತ್ತಾರೆ. ನಡೆಸಿ ನೋಡುತ್ತಾರೆ. ಗೋನಿಯೋಮೀಟರ್ ಎಂಬ ಕೋನಮಾಪಕವನ್ನು ಕೀಲಿನ ಪಕ್ಕ ಇಟ್ಟು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಬರೆದುಕೊಳ್ಳುತ್ತಾರೆ. ಸ್ನಾಯುಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ: 0 ಎಂದರೆ ಅಲುಗಾಟವೇ ಇಲ್ಲ, 3 ಎಂದರೆ ಕಾಲಿನ ಸ್ವಂತ ಭಾರವನ್ನು ಎತ್ತಬಲ್ಲದು, 5 ಎಂದರೆ ಅವರು ಜೋರಾಗಿ ಒತ್ತಿಹಿಡಿದರೂ ಬಗ್ಗದು. ಸೊಂಟದಿಂದ ಕಾಲಿಗೆ ನೋವು ಇಳಿಯುತ್ತಿದ್ದರೆ ಅಂಗಾತ ಮಲಗಿಸಿ ನೆಟ್ಟಗಿನ ಕಾಲನ್ನು ಮೆಲ್ಲಗೆ ಎತ್ತುತ್ತಾರೆ. 30ರಿಂದ 70 ಡಿಗ್ರಿ ನಡುವೆ ಮಂಡಿಯ ಕೆಳಗಿನವರೆಗೂ ಚಳುಕು ಹೊಡೆದರೆ ನರದ ಬೇರು ಕೆರಳಿರುವ ಸೂಚನೆ. ಈ ಅಳತೆಗಳನ್ನು ನಿಮ್ಮ ಪುಸ್ತಕದಲ್ಲೂ ಬರೆಸಿಕೊಳ್ಳಿ. ನಾಲ್ಕು ವಾರದ ನಂತರ ಗುಣವಾಗಿದೆಯೇ ಎಂಬುದಕ್ಕೆ ಉತ್ತರ ಈ ಅಂಕಿಗಳಲ್ಲಿ ಸಿಗುತ್ತದೆ.

ಎಂಆರ್‌ಐ ಬಗ್ಗೆ ಒಂದು ಮಾತು. ‘ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ) ಸವೆದಿದೆ’ ಎಂಬ ವರದಿ ಓದಿ ಹೆದರಿ ಹಾಸಿಗೆ ಹಿಡಿಯುವವರಿದ್ದಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯೊಂದರಲ್ಲಿ 20 ವರ್ಷದವರಲ್ಲೇ ಶೇ. 37 ಮಂದಿಗೆ, 80 ವರ್ಷದವರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಸವೆತ ಕಂಡಿತೆಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನಲಾಗದು. ಬರೀ ಸೊಂಟನೋವಿಗೆ ವಾರಗಟ್ಟಲೆ ಮಲಗಿದರೆ ಬೆನ್ನಿನ ಸ್ನಾಯು ಸೊರಗಿ ನೋವು ಉದ್ದವಾಗುತ್ತದೆ.

ಮಷೀನುಗಳ ಜಾಗ ಎಲ್ಲಿ?

ಐಎಫ್‌ಟಿ, ಟೆನ್ಸ್ ಎಂಬ ಕರೆಂಟಿನ ಚಿಕಿತ್ಸೆಗಳು, ಧ್ವನಿತರಂಗ ಹಾಯಿಸುವ ಅಲ್ಟ್ರಾಸೌಂಡ್, ಮೇಣದ ಶಾಖ ಇವೆಲ್ಲ ನೋವನ್ನು ಸ್ವಲ್ಪ ಹೊತ್ತು ಮಂಕಾಗಿಸಬಹುದು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸಿದರೆ ಪ್ರಯೋಜನ ಉಂಟು. ಮಷೀನು ಹಚ್ಚಿ, ಹದಿನೈದು ನಿಮಿಷ ಬಿಟ್ಟು, ತೆಗೆದು ಕಳಿಸಿದರೆ ಸ್ನಾಯುವಿಗೆ ಬಲ ಬರುವುದಿಲ್ಲ, ಬಿಗಿದ ಕೀಲು ಸಡಿಲಾಗುವುದಿಲ್ಲ. ಪೇಸ್‌ಮೇಕರ್ ಇರುವವರಿಗೆ ಕರೆಂಟಿನ ಚಿಕಿತ್ಸೆಗಳೂ, ವಿದ್ಯುತ್ ತರಂಗಗಳಿಂದ ದೇಹದ ಆಳಕ್ಕೆ ಶಾಖ ಕೊಡುವ ಡೈಯಾಥರ್ಮಿಯೂ ಬೇಡ. ಡೈಯಾಥರ್ಮಿಯ ಶಾಖ ದೇಹದೊಳಗಿನ ಲೋಹದ ಸುತ್ತಲೂ ಸುಡುತ್ತದೆ. ಶುಗರ್‌ನಿಂದ ಪಾದ ಮರಗಟ್ಟಿದವರು ಯಾವುದೇ ಶಾಖ ತಗೊಳ್ಳುವ ಮೊದಲು ಹೇಳಲೇಬೇಕು. ಬಿಸಿ ತಿಳಿಯದೆ ಬೊಕ್ಕೆ ಎದ್ದ ಪಾದ ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು.

ಮಂಡಿ ಸವೆತಕ್ಕೆ ಎಂಟು ವಾರ: ಹಂತ ಹಂತವಾಗಿ

ಅತಿ ಹೆಚ್ಚು ಜನರನ್ನು ಕಾಡುವುದು ಇದು, ಮನೆಯಲ್ಲೇ ಹೆಚ್ಚು ಸಾಧಿಸಬಹುದಾದದ್ದೂ ಇದೇ. ಒಮ್ಮೆ ಫಿಜಿಯೋ ಪರೀಕ್ಷಿಸಿ ಒಪ್ಪಿದ ಮೇಲೆ ಸಾಮಾನ್ಯವಾಗಿ ಸಾಗುವ ದಾರಿ ಹೀಗೆ.

ಶುರುವಿನ ದಿನ ಒಂದು ಅಳತೆ ಬರೆದಿಡಿ. ಸುಮಾರು 17 ಇಂಚು ಎತ್ತರದ, ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಿ ಕೂತು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64ರ ವಯಸ್ಸಿನಲ್ಲಿ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು.

1–2ನೇ ವಾರ. ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿ ಮಾಡಿ ಟವೆಲನ್ನು ಕೆಳಕ್ಕೆ ಒತ್ತಿ. 5 ಸೆಕೆಂಡು ಹಿಡಿದು ಬಿಡಿ. 10 ಸಲ, ಮೂರು ಸುತ್ತು. ಮುಂದೆ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೆಟ್ಟಗೆ ಒಂದು ಅಡಿ ಎತ್ತಿ, 5 ಸೆಕೆಂಡು ನಿಲ್ಲಿಸಿ ನಿಧಾನ ಇಳಿಸಿ, 10 ಸಲ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಮೂರು. ಎತ್ತುವಾಗ ಮಂಡಿ ಬಗ್ಗಿದರೆ ತೊಡೆಯ ಮುಂಭಾಗಕ್ಕೆ ಕೆಲಸ ಸಿಗುವುದಿಲ್ಲ. ಒಂದೂವರೆ-ಎರಡು ಅಡಿ ಎತ್ತಿದರೆ ಭಾರ ಸೊಂಟದ ಕಡೆಗೆ ಹೋಗುತ್ತದೆ. ಉಸಿರು ಕಟ್ಟಿ ಎತ್ತಿದರೆ ಬಿಪಿ ಏರುತ್ತದೆ. ಜೋರಾಗಿ ಎಣಿಸುತ್ತ ಮಾಡಿದರೆ ಉಸಿರು ತಾನಾಗಿ ಆಡುತ್ತದೆ.

3–4ನೇ ವಾರ. ಕುರ್ಚಿಯಿಂದ ಏಳುವುದು ಈಗ ಮುಖ್ಯ ವ್ಯಾಯಾಮ. ನೋವಾದರೆ ಕುರ್ಚಿಯ ಮೇಲೆ ಗಟ್ಟಿಯಾಗಿ ಮಡಚಿದ ಜಮಖಾನ ಹಾಕಿ ಎತ್ತರಿಸಿ, ದಿನ ಕಳೆದಂತೆ ಒಂದೊಂದೇ ಮಡಿಕೆ ತೆಗೆಯಿರಿ. ಪಾದಗಳನ್ನು ಹಿಂದಕ್ಕೆ ತಂದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಿ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಿರಿ. ಬಲ ಬೆಳೆಯುವುದರಲ್ಲಿ ಈ ಇಳಿತಕ್ಕೆ ದೊಡ್ಡ ಪಾಲಿದೆ. 8–10 ಸಲ, ಎರಡು ಸುತ್ತು, ದಿನ ಬಿಟ್ಟು ದಿನ. ಜೊತೆಗೆ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ತಲಾ 10.

5–8ನೇ ವಾರ. ನಾಲ್ಕು ಇಂಚಿನ ಮೆಟ್ಟಿಲೇರಿ ಇಳಿಯುವುದು, ಆಮೇಲೆ ಆರು ಇಂಚು. ಕಾಲಿಗೆ ಭಾರ ಕಟ್ಟಿ ಕುರ್ಚಿಯಲ್ಲಿ ಕೂತು ಮಂಡಿ ನೆಟ್ಟಗೆ ಮಾಡುವುದು. ವೇಟ್ ಕಫ್ ಕೊಳ್ಳಲೇಬೇಕೆಂದಿಲ್ಲ. ಬಟ್ಟೆಚೀಲದಲ್ಲಿ ಅರ್ಧ ಕೆಜಿ ಅಕ್ಕಿ ತೂಗಿ ಹಾಕಿ, ಬಾಯಿ ಹೊಲಿದು, ಹಿಮ್ಮಡಿಗಂಟಿನ ಮೇಲೆ ದುಪ್ಪಟ್ಟಾದಿಂದ ಬಿಗಿಯಾಗಿ ಕಟ್ಟಿದರೆ ಸಾಕು. 12 ಸಲ ಸಲೀಸಾಗಿ ಎತ್ತುವುದು ಸತತ ಎರಡು ಬಾರಿ ಸಾಧ್ಯವಾದರೆ ಇನ್ನರ್ಧ ಕೆಜಿ ಸೇರಿಸಿ. ತಿಂಗಳುಗಟ್ಟಲೆ ಅದೇ ಹತ್ತು, ಅದೇ ಭಾರ ಎಂದು ಮಾಡುವವರಿಗೆ ಪ್ರಗತಿ ನಿಲ್ಲುವುದು ಭಾರ ಏರಿಸದ್ದರಿಂದ. ಎಂಟು ವಾರ ಏಕೆಂದರೆ, ಮೊದಲ ಎರಡು ಮೂರು ವಾರದಲ್ಲಿ ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುತ್ತವೆ. ಸ್ನಾಯು ಕಣ್ಣಿಗೆ ಕಾಣುವಂತೆ ತುಂಬಿಕೊಳ್ಳುವುದು ಆಮೇಲೆ.

ನೋವು ಎಷ್ಟಿದ್ದರೆ ಸರಿ? ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ವ್ಯಾಯಾಮದ ಹೊತ್ತಿನಲ್ಲಿ ಬಂದರೆ ಹೆದರಬೇಕಾಗಿಲ್ಲ, ಮಾರನೆಯ ಬೆಳಿಗ್ಗೆಯೊಳಗೆ ಮಾಮೂಲಿಗೆ ಇಳಿದಿರಬೇಕು ಅಷ್ಟೆ. ಇಳಿಯದಿದ್ದರೆ, ಮಂಡಿ ಊದಿದರೆ, ಮುಂದಿನ ಸಲ ಎಣಿಕೆ ಅರ್ಧಕ್ಕೆ ಇಳಿಸಿ.

ಜೊತೆಗೆ ಸಮತಟ್ಟಾದ ಜಾಗದಲ್ಲಿ ದಿನಕ್ಕೆರಡು ಸಲ 10 ನಿಮಿಷ ನಡಿಗೆ. ವಾರಕ್ಕೆ ಐದೈದು ನಿಮಿಷ ಏರಿಸಿ. ದೇಹದ ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಊರುಗೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದನ್ನು ನೋವು ಹೆಚ್ಚಿರುವಾಗ ಬಿಡಿ, ಕಮೋಡ್ ಬಳಸಿ. ಜೀವಮಾನವಿಡೀ ನೆಲದ ಮೇಲೆ ಕೂರಬಾರದು ಎಂಬ ನಿಯಮ ಎಲ್ಲರಿಗೂ ಅನ್ವಯಿಸುವುದಿಲ್ಲ.

ಬೇರೆ ಮೂರು ಸಂದರ್ಭ, ಚುಟುಕಾಗಿ

ಮಂಡಿ ಬದಲಾವಣೆಯ ನಂತರ: ಮಡಚುವುದರ ಬಗ್ಗೆ ಎಲ್ಲರಿಗೂ ಚಿಂತೆ, ನೆಟ್ಟಗಾಗುವುದನ್ನು ಮರೆಯುತ್ತಾರೆ. ಹಿತವೆಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಮಂಡಿ ಬಗ್ಗಿದ ಹಾಗೆಯೇ ಬಿಗಿದು, ಆಮೇಲೆ ಕುಂಟು ಉಳಿಯುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿ ತೂಗಲಿ. ಎರಡನೇ ವಾರದ ಸುಮಾರಿಗೆ 90 ಡಿಗ್ರಿ ಮಡಚುವುದು, ಮೂರು ತಿಂಗಳೊಳಗೆ 110–120 ಸಾಮಾನ್ಯ ಗುರಿ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಡಾಕ್ಟರು ಬರೆದ ನೋವಿನ ಮಾತ್ರೆ, ಮುಗಿದ ಮೇಲೆ ಟವೆಲಿನಲ್ಲಿ ಸುತ್ತಿದ ಐಸ್ 15 ನಿಮಿಷ. ಗಾಯದಿಂದ ಕೀವು ಬಂದರೆ, ಜ್ವರ ಬಂದರೆ ಸರ್ಜನ್ ಬಳಿಗೇ ಹೋಗಿ.

ಬಿಗಿದ ಭುಜ: ಶುಗರ್ ಇರುವವರಲ್ಲಿ ಹೆಚ್ಚು. ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಗೆ ತಿರುಗಿಸಲು ಆಗದಿರುವುದು ಇದರ ಗುರುತು. ರಾತ್ರಿ ನಿದ್ದೆ ಕೆಡಿಸುವ ಮೊದಲ ತಿಂಗಳುಗಳಲ್ಲಿ ಯಾರಾದರೂ ಕೈಯನ್ನು ಬಲವಂತವಾಗಿ ಎತ್ತಿದರೆ ಒಳಗಿನ ಉರಿಯೂತ ಹೆಚ್ಚಿ ಇನ್ನಷ್ಟು ಬಿಗಿಯುತ್ತದೆ. ಆಗ ಬಾಗಿ ನಿಂತು ಕೈ ತೂಗಾಡಿಸುವುದು, ಕೋಲಿನ ಸಹಾಯದಿಂದ ಮೆಲ್ಲಗೆ ಹೊರಕ್ಕೆ ತಿರುಗಿಸುವುದು ಸಾಕು. ನೋವು ಇಳಿದು ಬಿಗಿತ ಮಾತ್ರ ಉಳಿದಾಗ ಜೋರು ಹೆಚ್ಚಿಸಬಹುದು. ಪೂರ್ತಿ ಸಡಿಲಾಗಲು ಒಂದರಿಂದ ಮೂರು ವರ್ಷವೂ ಬೇಕಾಗಬಹುದು ಎಂದು ಮೊದಲೇ ತಿಳಿದಿರಲಿ.

ಲಕ್ವ: ಆಸ್ಪತ್ರೆಯಲ್ಲಿ ಸ್ಥಿತಿ ಸ್ಥಿರವಾಗುತ್ತಲೇ ಫಿಜಿಯೋಥೆರಪಿ ಶುರುವಾಗಬೇಕು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಅತಿ ವೇಗ. ಆಮೇಲೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಮನೆಯವರು ನೆನಪಿಡಬೇಕಾದದ್ದು: ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಹಿಡಿದಿಡುವ ಸ್ನಾಯುಗಳು ಸೋತಿರುವುದರಿಂದ ಭುಜದ ಕೀಲು ಜಾರುತ್ತದೆ, ಆ ನೋವು ವರ್ಷಗಟ್ಟಲೆ ಕಾಡುತ್ತದೆ. ಹೆಗಲಮೂಳೆಯ ಹಿಂದೆ ಕೈಯಿಟ್ಟು, ಅಥವಾ ಸೊಂಟಕ್ಕೆ ಪಟ್ಟಿ ಕಟ್ಟಿ ಎಬ್ಬಿಸಿ. ಸ್ವತಃ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಎಷ್ಟು ದಿನ, ಎಲ್ಲಿ, ಯಾವಾಗ ಬದಲಿಸಬೇಕು?

ಜಿಲ್ಲಾ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿ ವಿಭಾಗವಿರುತ್ತದೆ. ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಬೆಂಗಳೂರಿನಲ್ಲಿ ನರದ ತೊಂದರೆಗಳಿಗೆ ನಿಮ್ಹಾನ್ಸ್, ಮೂಳೆ-ಅಪಘಾತದ ತೊಂದರೆಗಳಿಗೆ ಸಂಜಯ್ ಗಾಂಧಿ ಆಸ್ಪತ್ರೆ ಇವೆ. ಬೆಳವಣಿಗೆ ಹಿಂದುಳಿದ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತಿಳಿಯುತ್ತದೆ. ವಿಮೆ ಇದ್ದರೆ, ಆಸ್ಪತ್ರೆಯಿಂದ ಬಂದ ನಂತರದ ಖರ್ಚು ಎಷ್ಟು ದಿನದವರೆಗೆ ಸಿಗುತ್ತದೆ ಎಂದು ಪಾಲಿಸಿಯಲ್ಲಿ ನೋಡಿ, ಡಾಕ್ಟರ ಚೀಟಿ ಮತ್ತು ಬಿಲ್ಲು ಜೋಪಾನ ಮಾಡಿ.

ಸಾಮಾನ್ಯ ಸೊಂಟ-ಮಂಡಿ ನೋವಿಗೆ ದಿನಾ ಹೋಗಬೇಕಾಗಿಲ್ಲ. ಮೊದಲ ಎರಡು ವಾರ ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ, ಉಳಿದದ್ದು ಮನೆಯಲ್ಲಿ ಎಂದರೂ ನಡೆಯುತ್ತದೆ. ಲಕ್ವ, ಮಂಡಿ ಬದಲಾವಣೆಗಳಲ್ಲಿ ಮೊದಮೊದಲು ದಿನಾ ಬೇಕಾಗಬಹುದು. ಮೊದಲ ದಿನವೇ ಕೇಳಿ: ನನ್ನ ತೊಂದರೆ ಏನು, ಗುರಿ ಏನು, ಎಷ್ಟು ವಾರ, ಮನೆಯಲ್ಲಿ ಏನು ಮಾಡಲಿ? ಈ ನಾಲ್ಕಕ್ಕೂ ಉತ್ತರ ಸಿಗದೆ ಮೂವತ್ತು ಸಿಟ್ಟಿಂಗ್‌ಗೆ ಮುಂಗಡ ಕೇಳಿದರೆ ಕೊಡಬೇಡಿ. ನಾಲ್ಕು ವಾರ ಹೇಳಿದಂತೆ ಮಾಡಿಯೂ ಮೊದಲ ದಿನದ ಅಂಕಿಗಳು ಕದಲದಿದ್ದರೆ ಮರುಪರೀಕ್ಷೆ ಮಾಡಿಸಿ. ಇಲ್ಲವೇ ಡಾಕ್ಟರ ಬಳಿ ಮರಳಿ ಹೋಗಿ. ಕಾಲು, ಕೈ ಸೋಲುತ್ತ ಹೋದರೆ ನಾಲ್ಕು ವಾರ ಕಾಯಬೇಡಿ.

ಚಿಕಿತ್ಸೆ ಮುಗಿಯುವ ದಿನ ಮುಂದುವರಿಸಬೇಕಾದ ನಾಲ್ಕೈದು ವ್ಯಾಯಾಮಗಳನ್ನು ಎಣಿಕೆ, ಭಾರದ ಸಮೇತ ಬರೆಸಿಕೊಳ್ಳಿ. ನೀವು ಸರಿಯಾಗಿ ಮಾಡುತ್ತಿರುವುದನ್ನು ನಿಮ್ಮ ಫೋನಿನಲ್ಲೇ ವಿಡಿಯೋ ಮಾಡಿಸಿ. ಬಲ ಉಳಿಸಿಕೊಳ್ಳಲು ವಾರಕ್ಕೆರಡು ದಿನ ಸಾಕು. ಮದುವೆ ಮನೆಯ ಓಡಾಟ, ದೂರದ ಬಸ್ಸು ಪ್ರಯಾಣ ಆದ ಮೇಲೆ ನೋವು ಕೆರಳಿದರೆ ಎಲ್ಲವನ್ನೂ ನಿಲ್ಲಿಸಬೇಡಿ. ಎರಡು ದಿನ ಎಣಿಕೆಯನ್ನೂ ಭಾರವನ್ನೂ ಅರ್ಧ ಮಾಡಿ, ಮೂರನೇ ದಿನದಿಂದ ಮೆಲ್ಲಗೆ ಏರಿಸಿ. ಹತ್ತು ದಿನವಾದರೂ ಹಳೆಯ ಮಟ್ಟಕ್ಕೆ ಬರದಿದ್ದರೆ ಅದೇ ಫಿಜಿಯೋಗೆ ಫೋನ್ ಮಾಡಿ ಒಂದು ಭೇಟಿ ಗೊತ್ತುಮಾಡಿಕೊಳ್ಳಿ.